ಉಟ್ಟ ಬಟ್ಟೆಗೆ ರಸೀದಿ

ಗಾಣಗಾಪುರ
9 ಜೂನ್ 2025

ಮಗಳು ಪಂಚಶೀಲಾಳಿಗೆ ತಾಯಿ ರಮಾಬಾಯಿಯ ಜೈಭೀಮ್.

ನಾನು ಆರಾಮಾಗಿದ್ದೇನೆ. ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ. ನೀನು ಫೋನು ಮಾಡಿದರೆ ಬರೀ ಗುಂಯ್ ಎನ್ನುತ್ತದೆ, ಅದಕ್ಕೆ ಪತ್ರವನ್ನೇ ಬರೆ. ಇಲ್ಲಿ ಕೆಲಸ ಚೆನ್ನಾಗಿ ನಡೆದಿದೆ. ಕರೀಮಸಾಬರ ಗಾದಿ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಈಗ ನಾವು ಆರು ಜನ ಹೆಂಗಸರು ಕೂತು ಕೌದಿ ಹೊಲಿಯುತ್ತೇವೆ. ನನ್ನ ಚಿಂತೆ ಮಾಡಬೇಡ. ಅಳಿಯ ಅಜಯಕುಮಾರನಿಗೂ ಬೀಗಿತ್ತಿ ಮಲ್ಕಮ್ಮನವರಿಗೂ ನನ್ನ ನೆನಪು ಹೇಳು.

ಇಂತಿ ನಿನ್ನ ತಾಯಿ,
ರಮಾಬಾಯಿ

ಪಂಚಕ್ಕಾ, ಇಲ್ಲಿಂದ ಕೆಳಗಿನದು ನನ್ನ ಮಾತು, ಕೈನಾತಳದು. ರಮಾಬಾಯಿ ಮೌಶಿ ಹೇಳುವುದನ್ನೆಲ್ಲ ಬರೆದರೆ ಒಂದು ನೋಟುಬುಕ್ಕು ಸಾಲದು, ಮುಖ್ಯವಾದದ್ದನ್ನು ಆರಿಸಿ ಬರೆದಿದ್ದೇನೆ.

ಒಂದು ಸುದ್ದಿ ಇದೆ. ಕಳೆದ ದತ್ತ ಜಯಂತಿಗೆ ಒಬ್ಬ ಫಾರೀನ್ ಬಾಯಿ ಬಂದು ಇಲ್ಲಿನ ಲಾಡ್ಜಿನಲ್ಲಿ ಮೂರು ದಿನ ಇದ್ದಳು. ಅಲ್ಲಿ ಹೊದ್ದದ್ದು ನಮ್ಮ ಮೌಶಿ ಹೊಲಿದ ಕೌದಿ. ಹೋಗುವಾಗ ಅದನ್ನೇ ಕೊಂಡುಕೊಂಡು ಹೋದಳು. ಆಕೆಗೆ ಪೋರ್ಚುಗಲ್ಲಿನ ಲಿಸ್ಬನ್ ಊರಲ್ಲಿ ಅಂಗಡಿ ಇದೆಯಂತೆ. ಈಗ ನಲವತ್ತು ಕೌದಿ ಬೇಕು ಎಂದು ಬರೆದಿದ್ದಾಳೆ! ಹೊಸ ಬಟ್ಟೆಯದಲ್ಲ, ಮನುಷ್ಯರು ಉಟ್ಟು ತೊಟ್ಟ ಬಟ್ಟೆಯದೇ ಆಗಬೇಕಂತೆ. ನಮ್ಮ ಗಾದಿ ಅಂಗಡಿಯಲ್ಲಿ ಕೂತು ಅಬ್ಬಾ ನಕ್ಕಿದ್ದೇ ನಕ್ಕಿದ್ದು. "ಹಳೀ ಸೀರಿ ಕೊಟ್ಟು ಬಾಂಡೆ ಸಾಮಾನ ತಗೋತಿದ್ರು ನಮ್ಮ ಮಂದಿ. ಈಗ ಹಳೀ ಸೀರಿಗೆ ಫಾರೀನ್‌ದಾಗ ಗಿರಾಕಿ ಬಂತು ನೋಡು," ಅಂದರು.

ಆದರೆ ಆಕೆ ಹಣ ಕೊಡುವುದು ಕ್ರಿಪ್ಟೋ ಎನ್ನುವ ಇಂಟರ್ನೆಟ್ ಹಣದಲ್ಲಿ ಮಾತ್ರ. ಆಕೆಯ ಅಂಗಡಿಯ ವ್ಯವಹಾರವೆಲ್ಲ ಹಾಗೇ ಅಂತೆ. ಅಂಥ ಹಣವನ್ನು ಅಂಗಡಿಯವರ ಪರವಾಗಿ ತೆಗೆದುಕೊಂಡು ರೂಪಾಯಿ ಮಾಡಿ ಕೊಡುವ ಕಂಪನಿ ನಿನ್ನದೇ ಅಲ್ಲವೇ? ಏನು ಮಾಡಬೇಕು, ಹೇಳಿಕೊಡು.

ನಿನ್ನ ತಂಗಿಯಂಥ,
ಕೈನಾತ


ಆಳಂದ
18 ಜೂನ್ 2025

ಅವ್ವನಿಗೆ ಪಂಚಿಯ ಜೈಭೀಮ್.

ಕೈನಾತ, ಇದನ್ನು ಅವ್ವನ ಕಿವಿಯ ಹತ್ತಿರ ಕೂತು ಜೋರಾಗಿ ಓದು. ಓಣಿಯವರು ಕೇಳಿಸಿಕೊಂಡರೂ ಅಡ್ಡಿಯಿಲ್ಲ, ಗುಟ್ಟಿನದೇನೂ ಇಲ್ಲ.

ಅವ್ವಾ, ನಾವಿಲ್ಲಿ ಕ್ಷೇಮ. ನಿನ್ನ ಅಳಿಯ ಪಾಠ ಮಾಡುವ ಶಾಲೆ ಶುರುವಾಗಿದೆ. ನಾನು ಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬೆಳಿಗ್ಗೆ ಒಂಬತ್ತರಿಂದ ಆರರವರೆಗೆ ಕೆಲಸ ಮಾಡುತ್ತೇನೆ. ಕಂಪನಿ ಇರುವುದು ಹೈದರಾಬಾದಿನಲ್ಲಿ, ನಾನಿರುವುದು ಆಳಂದದಲ್ಲಿ. ಅತ್ತೆ ಹನ್ನೊಂದಕ್ಕೆ ಸರಿಯಾಗಿ ಚಹಾ ಮೇಲೆ ತಂದುಕೊಡುತ್ತಾರೆ. ಮೊನ್ನೆ ಅತ್ತೆ ಶೇಂಗಾ ಹೋಳಿಗೆ ಮಾಡುವುದನ್ನು ಕಲಿಸಿದರು. ಅತ್ತೆಯ ಕೈಯ ಹದ ನನಗೆ ಬರಲಿಲ್ಲ ಬಿಡು. ನನಗೆ ಜ್ವರ ಬಂದಾಗ ಅತ್ತೆ ಎರಡು ದಿನ ಪಕ್ಕದಿಂದ ಏಳಲೇ ಇಲ್ಲ.

ಕೈನಾತ, ನೀನು ಕೇಳಿದ್ದಕ್ಕೆ ಉತ್ತರ. ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕು. ಗುರುತಿನ ಚೀಟಿ, ಬ್ಯಾಂಕಿನ ಪುಸ್ತಕ, ಕೆಲಸ ನಡೆಯುವ ಜಾಗದ ವಿಡಿಯೋ, ಇಷ್ಟು ಬೇಕು. ಲಿಸ್ಬನ್ನಿನಾಕೆ ಮುಂಗಡ ಕಳಿಸಿದರೆ ನಿಮಿಷದಲ್ಲಿ ಕಂಪನಿಗೆ ಬಂದು ಬೀಳುತ್ತದೆ. ಆದರೆ ನಿಮ್ಮ ವ್ಯಾಪಾರ ನಿಜವಾದದ್ದು ಎಂದು ತಪಾಸಣೆ ಮಾಡುವವರು ಒಪ್ಪುವತನಕ ಅದು ಅಲ್ಲೇ ನಿಂತಿರುತ್ತದೆ. ಮೂವತ್ತು ದಿನದಲ್ಲಿ ಒಪ್ಪಿಗೆ ಸಿಗದಿದ್ದರೆ ತಾನಾಗಿಯೇ ಆಕೆಗೆ ವಾಪಸ್ಸು ಹೋಗುತ್ತದೆ. ನಾನೂ ಆ ತಪಾಸಣೆಯ ವಿಭಾಗದಲ್ಲೇ ಇದ್ದೇನೆ, ಆದರೆ ಪರಿಚಯದವರ ಅರ್ಜಿಯನ್ನು ನಾವು ಮುಟ್ಟುವ ಹಾಗಿಲ್ಲ.

ಅವ್ವಾ, ಪತ್ರದಲ್ಲಿ ನಾಲ್ಕು ಸಾಲು ನಿನ್ನದು, ಉಳಿದದ್ದು ಕೈನಾತಳದು. ಇನ್ನೊಂದು ನಾಲ್ಕು ಸಾಲು ಹೇಳಬಾರದಿತ್ತೇ?

ನಿನ್ನ ಮಗಳು,
ಪಂಚಶೀಲಾ


ಗಾಣಗಾಪುರ
4 ಜುಲೈ 2025

ಪಂಚಕ್ಕನಿಗೆ ಕೈನಾತಳ ಸಲಾಂ.

ಅರ್ಜಿ ಹಾಕಿಬಿಟ್ಟೆವು! ಲಿಸ್ಬನ್ನಿನಾಕೆಯ ಮುಂಗಡವೂ ಇದೇ ಎರಡನೇ ತಾರೀಖಿಗೆ ನಿಮ್ಮ ಕಂಪನಿಗೆ ಬಂದು ಕೂತಿದೆ. ವಿಡಿಯೋ ತೆಗೆಯುವ ದಿನ ನಮ್ಮ ಪಡಸಾಲೆಯಲ್ಲಿ ಮದುವೆ ಮನೆಯ ಗದ್ದಲ. ಎಲ್ಲರೂ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಕೆಲಸದ ಸೀರೆಯಲ್ಲೇ ಇರಬೇಕು ಎಂದು ನಾನು ಬೈದು ಮತ್ತೆ ಮನೆಗೆ ಅಟ್ಟಿದೆ. ನಸ್ರೀನ ಗೊತ್ತಲ್ಲ, ಲಾಡ್ಜಿನಲ್ಲಿ ಚಾದರ ಒಗೆಯುತ್ತಿದ್ದವಳು? ಆ ಕೆಲಸ ಬಿಟ್ಟು ಬಾ, ಇಲ್ಲಿ ನಾಲ್ಕು ತಿಂಗಳು ಕೈತುಂಬ ಕೆಲಸ ಇದೆ ಎಂದೆ. ಬಿಟ್ಟು ಬಂದಿದ್ದಾಳೆ.

ಅವ್ವ ಈಗ ನಮಗೆಲ್ಲ ಗುರು. ಯಾವ ತುಂಡಿನ ಪಕ್ಕ ಯಾವ ತುಂಡು ಬರಬೇಕು ಎನ್ನುವುದನ್ನು ಅವ್ವನೇ ಹೇಳಬೇಕು. ನಾನು ಹೊಲಿದ ಸಾಲು ಸೊಟ್ಟಗಾದರೆ ತಲೆಗೆ ಒಂದು ಮೊಟಕಿ, ಬಿಚ್ಚಿ ಮತ್ತೆ ಹೊಲಿಸುತ್ತಾಳೆ. ನನ್ನ ಅಮ್ಮಿ ಹೋದಮೇಲೆ ನನ್ನ ತಲೆಗೆ ಯಾರೂ ಮೊಟಕಿರಲಿಲ್ಲ.

ಇಂದು ಅವ್ವ ಕೆಲಸದಲ್ಲಿದ್ದಾಳೆ, ಬೇರೆ ಹೇಳುವುದೇನೂ ಇಲ್ಲ, ಎಲ್ಲ ಆರಾಮು ಎಂದು ಬರೆಯಲು ಹೇಳಿದಳು.

ನಿನ್ನ
ಕೈನಾತ


ಆಳಂದ
8 ಜುಲೈ 2025
(ಅಂಚೆಗೆ ಹಾಕದ್ದು)

ಅವ್ವಾ,

ಈ ಪತ್ರ ನಿನಗೆ ಮುಟ್ಟುವುದಿಲ್ಲ. ಓದಲು ಬಾರದ ನಿನಗೆ ಮುಟ್ಟಬೇಕಾದರೆ ಕೈನಾತಳ ಬಾಯಿಂದಲೇ ಮುಟ್ಟಬೇಕು. ಅವಳಿಂದಲೇ ಅವಳ ಮೇಲಿನ ಹೊಟ್ಟೆಕಿಚ್ಚನ್ನು ಹೇಗೆ ಓದಿಸಲಿ?

ಅವಳು ನಿನ್ನನ್ನು ಅವ್ವ ಎಂದು ಬರೆದಿದ್ದಾಳೆ. ಜೂನಿನಲ್ಲಿ ಮೌಶಿ ಆಗಿದ್ದೆ, ಜುಲೈಯಲ್ಲಿ ಅವ್ವ ಆಗಿದ್ದೀಯ. ನಡುವೆ ನನ್ನನ್ನು ಯಾರೂ ಕೇಳಲಿಲ್ಲ. ನಾನು ಆ ಸಾಲನ್ನು ಹತ್ತು ಸಲ ಓದಿದೆ.

ಸೋಮವಾರ ಬೆಳಿಗ್ಗೆ ಕಂಪ್ಯೂಟರು ನನಗೆ ಹಂಚಿದ ಹನ್ನೆರಡು ಅರ್ಜಿಗಳಲ್ಲಿ ಅವಳದೂ ಇತ್ತು. "ಇವರು ನನಗೆ ಪರಿಚಯದವರು" ಎಂದು ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಅರ್ಜಿ ಹೈದರಾಬಾದಿನಲ್ಲಿರುವ ನಮ್ಮ ಮೇಲಧಿಕಾರಿ ಸತೀಶಕುಮಾರ ಅವರಿಗೆ ಹೋಗುತ್ತದೆ. ಒತ್ತಬೇಕು ಎಂದೇ ಕೈ ಇಟ್ಟಿದ್ದೆ. ಅದಕ್ಕೆ ಮೊದಲು ಒಂದೇ ಒಂದು ಸಲ ನಿನ್ನ ಮುಖ ನೋಡೋಣ ಎಂದು ವಿಡಿಯೋ ತೆಗೆದೆ.

ನೀನು ನಗುತ್ತಿದ್ದೆ ಅವ್ವಾ. ಬಾಯಿ ತೆರೆದು, ತಲೆ ಹಿಂದಕ್ಕೆ ಹಾಕಿ. ನಾನು ಊರಿಗೆ ಬಂದಾಗ ನೀನು ಹಾಗೆ ನಕ್ಕದ್ದನ್ನು ಕಾಣೆ. ನಾನು ಬಂದರೆ ನೀನು ನೆಂಟರು ಬಂದ ಹಾಗೆ ಗಡಿಬಿಡಿ ಮಾಡುತ್ತೀ, ಕುರ್ಚಿ ಹಾಕುತ್ತೀ, ಹೊಸ ಲೋಟ ತೆಗೆಯುತ್ತೀ. ಅಲ್ಲಿ ಕೈನಾತ ನಿನ್ನ ತೊಡೆಗೆ ಮೊಣಕೈ ಊರಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಅವಳ ಹಣೆಯ ಬೆವರನ್ನು ನೀನು ಸೆರಗಿನಿಂದ ಒರೆಸಿದೆ. ಅದನ್ನು ಮೂರು ಸಲ ಹಿಂದೆ ಸರಿಸಿ ನೋಡಿದೆ.

ಆಮೇಲೆ ನಿನ್ನ ಮಡಿಲಲ್ಲಿ ಇದ್ದ ಕೌದಿ ಕಂಡಿತು. ನಡುವಿನ ದೊಡ್ಡ ತುಂಡು ಆಕಾಶಬಣ್ಣದ್ದು, ಅದರ ಮೇಲೆ ಬಿಳಿ ಚುಕ್ಕೆ. ನಾನು ಏಳನೆಯದು ಪಾಸಾದಾಗ ಅಪ್ಪ ಕಲಬುರಗಿಯಿಂದ ತಂದ ಲಂಗ. ಆ ವರ್ಷವೇ ಅಪ್ಪ ಹೋದ. ಅದನ್ನು ನೀನು ಟ್ರಂಕಿನಿಂದ ತೆಗೆದು ಕತ್ತರಿಸಿ ಲಿಸ್ಬನ್ನಿಗೆ ಕಳಿಸುತ್ತಿದ್ದೀ. ಕೈನಾತಳ ಆರ್ಡರಿಗೆ!

ಪರಿಚಯದವರು ಎಂಬ ಗುಂಡಿಯನ್ನು ನಾನು ಒತ್ತಲಿಲ್ಲ. "ಕಚ್ಚಾ ಮಾಲಿನ ಖರೀದಿ ರಸೀದಿಗಳನ್ನು ಸಲ್ಲಿಸಿರಿ, ಅಲ್ಲಿಯವರೆಗೆ ಹಣ ತಡೆಹಿಡಿಯಲಾಗಿದೆ" ಎಂದು ಬರೆದೆ. ಹೈದರಾಬಾದಿನ ಯಾವ ಸಾಹೇಬರಿಗೂ ಈ ಪ್ರಶ್ನೆ ಹೊಳೆಯುತ್ತಿರಲಿಲ್ಲ. ಕೌದಿಯ ಬಟ್ಟೆಗೆ ರಸೀದಿ ಇರುವುದಿಲ್ಲ ಎಂದು ಕೌದಿ ಹೊಲಿಯುವವಳ ಮಗಳಿಗೇ ಗೊತ್ತಿರಬೇಕು.

ಇನ್ನೊಂದು ಮಾತು. ಪತ್ರದ ತುಂಬ ಅತ್ತೆ ಅತ್ತೆ ಎಂದು ನಾನು ಬರೆಯುವುದು ನಿನಗೆ ಉರಿಯಲಿ ಎಂದೇ. ನಿನಗೆ ಉರಿಯುವುದೇ ಇಲ್ಲ ಎನ್ನುವುದು ನನ್ನ ದುಃಖ.

ಪಂಚಿ


ಗಾಣಗಾಪುರ
21 ಜುಲೈ 2025

ಪಂಚಕ್ಕನಿಗೆ ಸಲಾಂ.

ನಿಮ್ಮ ಕಂಪನಿಯಲ್ಲಿ ಕೂತವರು ಯಾವ ಲೋಕದವರು? ನಾವು ಕೌದಿಗೆ ಹಾಕಿದ ಹಳೆಯ ಸೀರೆ, ಕುಬಸ, ದೋತರಗಳಿಗೆ ರಸೀದಿ ಕೇಳಿದ್ದಾರೆ! ನಾನು ಮೊದಲು ಚೇಷ್ಟೆ ಎಂದುಕೊಂಡೆ. ಎರಡನೇ ಸಲವೂ ಅದೇ ಬಂತು. "ತಪಾಸಣಾ ವಿಭಾಗ" ಎಂದಷ್ಟೇ ಇದೆ, ಹೆಸರಿಲ್ಲ. ಇದ್ದಿದ್ದರೆ ಹುಡುಕಿಕೊಂಡು ಹೋಗಿ ಒಂದು ಕೌದಿ ಹೊದಿಸಿ ಬರುತ್ತಿದ್ದೆ.

ಕೊನೆಗೆ ಏಳೂ ಜನ ಅಫಜಲಪುರಕ್ಕೆ ಹೋಗಿ ಬಾಂಡ್ ಪೇಪರಿನ ಮೇಲೆ ಬರೆಸಿದೆವು. ಯಾವ ಬಟ್ಟೆ ಯಾರು ಉಟ್ಟದ್ದು ಎಂದು ಒಬ್ಬೊಬ್ಬರೂ ಹೇಳಿದರು. ಬರೆದುಕೊಳ್ಳುವವರು ಪೆನ್ನು ಕೆಳಗಿಟ್ಟು, "ಅಲ್ರೀ ಬಾಯಾರ, ಉಟ್ಟ ಸೀರಿಗಿ ರಸೀದಿ ಯಾರ್ರೀ ಕೇಳಿದ್ದು?" ಎಂದರು. ನಸ್ರೀನ ಅವರಿಗೇ ಜೋರು ಮಾಡಿದಳು. "ನೀವು ಬರೀರಿ ಸಾಹೇಬ್ರ. ಈ ಹಳದಿ ಸೀರಿ ನನ್ನ ನಿಕಾದ್ದು. ಗಂಡ ಓಡಿ ಹೋದ, ಸೀರಿ ಉಳೀತು. ಇದಕ್ಕಿಂತ ಖರೆ ರಸೀದಿ ಬೇಕಾ?" ಅಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಅವಳು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದಳು.

ಅವ್ವನ ಸರದಿ ಬಂದಾಗ ಆಕಾಶಬಣ್ಣದ ತುಂಡು ತೋರಿಸಿ, "ಇದು ನನ್ನ ಪಂಚಿ ಲಂಗಾ. ಆಕಿ ಅಪ್ಪ ದಿಲೀಪ ತಂದಿದ್ದ," ಎಂದು ಬರೆಸಿದಳು. ಅಷ್ಟೇ ಹೇಳಿದಳು.

ಬರೆಸಿದ್ದನ್ನೆಲ್ಲ ಕಳಿಸಿದ್ದೇನೆ. ಮೂವತ್ತು ದಿನ ಮುಗಿಯಲು ಹನ್ನೊಂದು ದಿನ ಉಳಿದಿದೆ. ಪಂಚಕ್ಕಾ, ಅರ್ಜಿ ಮುಟ್ಟುವ ಹಾಗಿಲ್ಲ ಎಂದಿದ್ದೆ, ಸರಿ. ಆದರೆ ಪಕ್ಕದಲ್ಲಿ ಕೂತವರಿಗೆ ಕೌದಿ ಎಂದರೆ ಏನು ಎಂದಾದರೂ ಹೇಳಬಹುದಲ್ಲ? ನೀನು ಹೇಳಿದರೆ ಕೇಳುತ್ತಾರೆ ಎಂದು ಅವ್ವ ಎಲ್ಲರಿಗೂ ಧೈರ್ಯ ಕೊಡುತ್ತಿದ್ದಾಳೆ.

ನಿನ್ನ
ಕೈನಾತ


ಆಳಂದ
26 ಜುಲೈ 2025

ಕೈನಾತಳಿಗೆ,

ಪತ್ರ ಬಂತು. ನಾನು ಮನೆಯಿಂದ ಕೆಲಸ ಮಾಡುವವಳು, ನನ್ನ ಪಕ್ಕದಲ್ಲಿ ಯಾರೂ ಕೂತಿರುವುದಿಲ್ಲ. ನಿಯಮ ಎಲ್ಲರಿಗೂ ಒಂದೇ. ಬಾಂಡ್ ಪೇಪರು ರಸೀದಿ ಆಗುತ್ತದೋ ಇಲ್ಲವೋ ನಾನು ಹೇಳಲಾರೆ.

ಅವ್ವ ನನಗೆ ಹುಟ್ಟಿನಿಂದ ಅವ್ವ. ನಿನಗೆ ಮೌಶಿ. ನೆನಪಿರಲಿ.

ಪಂಚಶೀಲಾ


ಗಾಣಗಾಪುರ
6 ಆಗಸ್ಟ್ 2025

ಪಂಚಕ್ಕನಿಗೆ,

ಒಂದನೇ ತಾರೀಖಿಗೆ ಹಣ ಲಿಸ್ಬನ್ನಿಗೆ ವಾಪಸ್ಸು ಹೋಯಿತು. ಮರುದಿನ ಆಕೆಯ ಪತ್ರ ಬಂತು. ಕಂಪನಿಯೇ ನಂಬದ ಅಂಗಡಿಯನ್ನು ತಾನು ಹೇಗೆ ನಂಬಲಿ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದಾಳೆ. ಆರ್ಡರನ್ನು ಬೇರೆ ಯಾರಿಗೋ ಕೊಟ್ಟಿದ್ದಾಳೆ.

ಹನ್ನೊಂದು ಕೌದಿ ಮುಗಿದಿದ್ದವು. ಅವುಗಳನ್ನು ಅಬ್ಬಾ ಅಂಗಡಿಯ ಅಟ್ಟದ ಮೇಲೆ ಹಾಕಿದ್ದಾರೆ. ನಸ್ರೀನ ಲಾಡ್ಜಿಗೆ ಹೋಗಿ ಹಳೆಯ ಕೆಲಸ ಕೇಳಿದಳು. ಆ ಜಾಗಕ್ಕೆ ಬೇರೆಯವಳು ಬಂದಾಗಿದೆ. ನನ್ನ ಮಾತು ಕೇಳಿ ಕೆಲಸ ಬಿಟ್ಟವಳು ಅವಳು. ನನಗೆ ಅವಳ ಓಣಿಯಲ್ಲಿ ಹಾಯುವುದಕ್ಕೂ ಮುಖವಿಲ್ಲ.

ಇದನ್ನು ನಿನಗೆ ಬರೆಯಬೇಡ ಎಂದು ಮೌಶಿ ಹೇಳಿದ್ದಾಳೆ. "ಪಂಚಿಗಿ ಹೇಳಬ್ಯಾಡ ಬೇ. ತನ್ನ ಕಂಪನಿಯಿಂದ ಹಿಂಗಾತು ಅಂತ ಆಕಿ ಜೀವಕ್ಕ ಹಚ್ಚಿಕೊಳ್ತಾಳ," ಎಂದಳು. ಆದರೂ ಬರೆದಿದ್ದೇನೆ.

ಮೌಶಿ ಎಂದೇ ಬರೆದಿದ್ದೇನೆ, ನೋಡಿಕೋ.

ಕೈನಾತ


ಆಳಂದ
12 ಆಗಸ್ಟ್ 2025

ಅವ್ವನಿಗೆ,

ಕೈನಾತ, ಇದನ್ನು ನೀನೇ ಓದಬೇಕು, ಅವ್ವನ ಎದುರಿಗೇ ಓದಬೇಕು. ಬೇರೆ ದಾರಿಯಿಲ್ಲ. ಪಡಸಾಲೆಯಲ್ಲಿ ಓದಬೇಡ. ಕೇಳಿದ ಮೇಲೆ ಏನು ಮಾಡಬೇಕು ಎನ್ನುವುದು ನಿಮ್ಮಿಬ್ಬರಿಗೆ ಬಿಟ್ಟದ್ದು.

ಅವ್ವಾ, ರಸೀದಿ ಕೇಳಿದವಳು ನಾನು. ಅರ್ಜಿ ನನ್ನ ಮುಂದೆಯೇ ಬಂದಿತ್ತು. ಬೇರೆಯವರಿಗೆ ಕಳಿಸಬೇಕಾಗಿತ್ತು, ಕಳಿಸಲಿಲ್ಲ. ಉಟ್ಟ ಬಟ್ಟೆಗೆ ರಸೀದಿ ಇರುವುದಿಲ್ಲ ಎಂದು ತಿಳಿದೇ ಕೇಳಿದೆ. ಬಾಂಡ್ ಪೇಪರು ಬಂದಾಗ ಪೂರ್ತಿ ಓದಿದೆ. ನಸ್ರೀನಳ ಹಳದಿ ಸೀರೆಯದನ್ನೂ ಓದಿದೆ. ಓದಿ, "ಸಾಲದು" ಎಂದು ಬರೆದೆ. ಆಮೇಲೆ ಹನ್ನೊಂದು ದಿನ ಪ್ರತಿದಿನವೂ ಆ ಅರ್ಜಿ ತೆರೆದೆ, ಮುಚ್ಚಿದೆ.

ಯಾಕೆ ಎಂದರೆ ಹೊಟ್ಟೆಕಿಚ್ಚು. ದೊಡ್ಡ ಕಾರಣ ಯಾವುದೂ ಇಲ್ಲ. ವಿಡಿಯೋದಲ್ಲಿ ನೀನು ಕೈನಾತಳ ಹಣೆ ಒರೆಸಿದೆ. ನನ್ನ ಲಂಗ ಕತ್ತರಿಸಿದ್ದೆ. ಅವಳಿಗೆ ನಿನ್ನ ಮೊಟಕು ಸಿಗುತ್ತದೆ, ನನಗೆ ನಾಲ್ಕು ಸಾಲಿನ ಪತ್ರ ಸಿಗುತ್ತದೆ. ಅವಳ ಅಂಗಡಿ ಮುಳುಗಿದರೆ ನೀನು ನನ್ನ ಕಡೆಗೆ ತಿರುಗುತ್ತೀ ಎಂದುಕೊಂಡೆನೋ ಏನೋ. ಹಾಗೆ ಎಂದುಕೊಂಡೆ ಎನ್ನಲೂ ನಾಚಿಕೆಯಾಗುತ್ತದೆ. ನನಗೆ ಹೇಳಬೇಡ ಎಂದು ನೀನು ಹೇಳಿದ್ದನ್ನು ಓದಿದ ಮೇಲೆ ಮಾಳಿಗೆಯಿಂದ ಕೆಳಗೆ ಇಳಿಯಲಾಗಲಿಲ್ಲ.

ನಿನ್ನೆ ಸತೀಶಕುಮಾರ ಅವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಬರೆದು ಕೊಡಿ ಎಂದರು ಅವರು. ಬರೆದು ಕೊಟ್ಟೆ. ನನ್ನನ್ನು ತಪಾಸಣೆಯಿಂದ ತೆಗೆದಿದ್ದಾರೆ. ಕೆಲಸ ಉಳಿಯುತ್ತದೋ ಇಲ್ಲವೋ ಈ ತಿಂಗಳ ಕೊನೆಗೆ ತಿಳಿಯುತ್ತದೆ. ಕೈನಾತಳ ಅರ್ಜಿಯನ್ನು ಅವರೇ ನೋಡಿ ಒಪ್ಪಿದ್ದಾರೆ. ತಪ್ಪು ಅಂಗಡಿಯದಲ್ಲ, ಕಂಪನಿಯದು ಎಂದು ಲಿಸ್ಬನ್ನಿಗೂ ಬರೆಯುತ್ತಾರಂತೆ. ಆ ಆರ್ಡರು ಮರಳಿ ಬರುತ್ತದೆ ಎಂದು ಮಾತ್ರ ಯಾರೂ ಹೇಳಲಾರರು.

ನಿನ್ನ ಅಳಿಯನಿಗೂ ಅತ್ತೆಗೂ ಹೇಳಿದೆ. ಅತ್ತೆ ಚಹಾ ತರುವುದನ್ನು ನಿಲ್ಲಿಸಿಲ್ಲ, ಆದರೆ ಈಗ ಬಾಗಿಲಲ್ಲೇ ಇಟ್ಟು ಹೋಗುತ್ತಾರೆ.

ಕ್ಷಮಿಸು ಎಂದು ಬರೆಯಲು ನನಗೆ ಬಾಯಿಲ್ಲ ಅವ್ವಾ.

ಪಂಚಿ


ಗಾಣಗಾಪುರ
25 ಆಗಸ್ಟ್ 2025

ಪಂಚಶೀಲಾಗೆ,

ಅಕ್ಕ ಎಂದು ಬರೆಯಲು ಇಂದು ಕೈ ಬರುತ್ತಿಲ್ಲ.

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಬಂದ ದಿನ ಮೌಶಿ, "ಪಂಚಿ ಏನ್ ಬರ್ದಾಳ ಬೇ?" ಎಂದು ಎದುರಿಗೆ ಕೂತಳು. ನಾನು ಮೊದಲ ಸಾಲು ಕಣ್ಣಲ್ಲೇ ಓದಿಕೊಂಡು, ಆರಾಮಿದ್ದಾಳಂತೆ ಎಂದು ಹೇಳಿ ಮಡಚಿಬಿಟ್ಟೆ. ಮನೆಗೆ ಹೋಗಿ ಪೂರ್ತಿ ಓದಿದೆ. ನಿನ್ನ ಮೇಲೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಆಳಂದದ ಬಸ್ಸು ಹತ್ತಿ ಬಂದು ನಿಮ್ಮ ಓಣಿಯಲ್ಲಿ ನಿಂತು ನಿನ್ನ ಹೆಸರು ಹಿಡಿದು ಕೂಗಬೇಕು ಅನ್ನಿಸಿತು. ನೀನು ಬೇಡ ಎಂದದ್ದು ನನ್ನನ್ನು, ಕೆಲಸ ಕಳೆದುಕೊಂಡವಳು ನಸ್ರೀನ. ಇದನ್ನು ನಾನು ಮರೆಯುವುದಿಲ್ಲ.

ಓದಿ ಹೇಳದೆ ಒಂಬತ್ತು ದಿನ ಇಟ್ಟುಕೊಂಡಿದ್ದೆ. ಮೌಶಿಗೆ ನೋವಾಗುತ್ತದೆ ಎಂದು ಇಟ್ಟುಕೊಂಡೆ ಎಂದರೆ ಅದು ಸುಳ್ಳು. ಇಟ್ಟುಕೊಳ್ಳುವುದು ನನಗೆ ರೂಢಿ, ಅಷ್ಟೇ.

ಈಗ ನಿನ್ನಿಂದ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಮೌಶಿ ನಾಲ್ಕು ಸಾಲು ಹೇಳುವವಳಲ್ಲ. ಎರಡು ವರ್ಷದಿಂದ ಒಂದೊಂದು ಪತ್ರಕ್ಕೂ ಅರ್ಧ ಗಂಟೆ ಹೇಳುತ್ತಾಳೆ. ಪಂಚಿ ಬರಲಿ ಅನ್ನು, ಪಂಚಿ ಉಂಡಳೋ ಕೇಳು, ಪಂಚಿಯನ್ನು ಕನಸಿನಲ್ಲಿ ಕಂಡೆ ಅನ್ನು, ನಾನೇ ಬರಲೇ ಎಂದು ಕೇಳು. ಅದನ್ನೆಲ್ಲ ನಾನು ಬರೆಯಲಿಲ್ಲ. "ನನ್ನ ಚಿಂತೆ ಮಾಡಬೇಡ" ಎನ್ನುವುದು ಮೌಶಿಯ ಮಾತಲ್ಲ, ನನ್ನದು. ಅವಳ ಬಾಯಲ್ಲಿ ದಿನವೂ ನಿನ್ನ ಹೆಸರು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ, ಕೇಳಿ ಕೇಳಿ ಉರಿಯುತ್ತಿತ್ತು. ನಿನಗೆ ಅತ್ತೆ ಇದ್ದಾಳೆ, ಅವ್ವನೂ ಇದ್ದಾಳೆ. ನನಗೆ ಒಬ್ಬಳು ಸಾಕು ಅನ್ನಿಸುತ್ತಿತ್ತು.

ಲಂಗವನ್ನೂ ಕೇಳಿದವಳು ನಾನೇ. ನೀಲಿ ಬಟ್ಟೆ ಬೇರೆಯೂ ಇತ್ತು. ಮೌಶಿ ಎರಡು ಸಲ ಇಲ್ಲ ಎಂದಳು. ಮೂರನೇ ಸಲ ಕೇಳಿದೆ. ನನಗಾಗಿ ಅದನ್ನು ಕೊಡುತ್ತಾಳೋ ಇಲ್ಲವೋ ನೋಡಬೇಕಿತ್ತು ನನಗೆ. ಕೊಟ್ಟಳು. ಆ ದಿನ ಮೌಶಿ ಊಟ ಮಾಡಲಿಲ್ಲ.

ನೀನು ನನ್ನ ಅರ್ಜಿಯನ್ನು ಮೂವತ್ತು ದಿನ ತಡೆದೆ. ನಾನು ನಿನ್ನ ಅವ್ವನನ್ನು ಎರಡು ವರ್ಷ ತಡೆದೆ. ಆದರೂ ನನ್ನ ಸಿಟ್ಟು ಇಳಿದಿಲ್ಲ, ಹೇಳಿರುತ್ತೇನೆ.

ನಾಳೆ ಮೌಶಿಯನ್ನು ಸಂಗಮದ ದಂಡೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಬೆಳಗಿನ ಯಾತ್ರಾರ್ಥಿಗಳು ಹೋದಮೇಲೆ ಯಾರೂ ಇರುವುದಿಲ್ಲ. ನಿನ್ನ ಪತ್ರವನ್ನೂ, ನಾನೀಗ ಬರೆದದ್ದನ್ನೂ ಎರಡೂ ಓದುತ್ತೇನೆ. ಆಮೇಲೆ ಇದನ್ನು ಅಂಚೆಗೆ ಹಾಕುತ್ತೇನೆ.

ಕೈನಾತ


ಗಾಣಗಾಪುರ
7 ಸೆಪ್ಟೆಂಬರ್ 2025

(ಮೌಶಿ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಏನನ್ನೂ ಬಿಟ್ಟಿಲ್ಲ. ಬರೆದ ಮೇಲೆ ಓದಿ ತೋರಿಸಲು ಹೇಳಿದಳು, ಓದಿ ತೋರಿಸಿದ್ದೇನೆ. ಕೈ.)

ಪಂಚಿ,

ನಿನ್ನ ಕಾಗದಾ ಓದಿ ಹೇಳಿದ್ಲು. ತನ್ನದೂ ಓದಿದ್ಲು. ಎರಡೆರಡು ಸಲ ಓದಸೇನಿ. ಮೊದಲನೇ ಸಲ ಕಿವಿಗಿ ಬಿದ್ದದ್ದು ಖರೆ ಅನಸಲಿಲ್ಲ.

ಅಲ್ಲ ಬೇ, ನಾ ಏನ್ ನಿಮ್ಮಿಬ್ಬರ ನಡಕಿನ ಹಗ್ಗ ಏನು? ಆಕಿ ಅತ್ತ ಜಗ್ತಾಳ, ನೀ ಇತ್ತ ಜಗ್ತಿ. ನನಗ ಒಂದು ಮಾತು ಕೇಳೀರೇನು ಇಬ್ಬರೂ? ಕಿವಿ ಕೇಳಂಗಿಲ್ಲ ಅಂದ್ರ ಬಾಯಿನೂ ಇಲ್ಲ ಅಂತ ತಿಳಕೊಂಡೀರಿ.

ಲಂಗಾ ನಾ ಯಾಕ ಕೊಟ್ಟೆ? ಆಕಿ ಕೇಳಿದ್ಲು, ಕೊಟ್ಟೆ. ನೀ ಏನೂ ಕೇಳಂಗಿಲ್ಲ. ಮದಿವಿ ಆಗಿ ಹೋದಾಕಿ ಒಂದು ದಿನ ಅವ್ವಾ ಇದು ಬೇಕು ಅಂದಿಲ್ಲ, ಅದು ಬೇಕು ಅಂದಿಲ್ಲ. ಬರ್ತಿ, ಕುರ್ಚಿ ಮ್ಯಾಲ ಕುಂಡರ್ತಿ, ಬಸ್ ಟೈಮ್ ಆತು ಅಂತಿ. ಕೇಳದಾಕಿಗಿ ನಾ ಏನ್ ಕೊಡ್ಲಿ? ಕೊಟ್ಟಿದ್ದೇನೋ ಖರೆ, ಕತ್ತರಿ ಹಾಕೋ ಮುಂದ ಎರಡು ಸಲ ತಿರುಗಿ ಟ್ರಂಕಿನ್ಯಾಗ ಇಟ್ಟೆ. ಅದನ್ನ ನಿನಗ ಯಾರೂ ಹೇಳಿಲ್ಲ, ಈಗ ನಾ ಹೇಳಾಕತ್ತೇನಿ.

ನಿನ್ನ ಅತ್ತಿ ಸುದ್ದಿ. ಕಾಗದದಾಗ ಹೋಳಿಗಿ ಬಂತು ಅಂದ್ರ ನನಗ ಹೊಟ್ಟ್ಯಾಗ ಖಾರ ಹಾಕಿದಂಗ ಆಗ್ತಿತ್ತು. ನಿನಗ ಜ್ವರ ಬಂದ ಸುದ್ದಿ ಬೀಗಿತ್ತಿ ಗುಣಗಾನದಾಗ ಕೇಳಬೇಕಾತಲ್ಲ ಅಂತ ಎರಡು ದಿನ ಸೂಜಿ ಮುಟ್ಟಲಿಲ್ಲ. ನಿನಗ ಬೇಕಾದದ್ದು ಅದೇ ಆಗಿದ್ರ ಹಿಗ್ಗು.

ಈಗ ಕೆಲಸದ ಮಾತು. ನಮಗ ಮೂರು ಮಂದಿಗಿ ಹೊಟ್ಟಿಕಿಚ್ಚು ಬಂತು, ಅದು ನಮ್ಮ ಮನೀದು. ಪಡಸಾಲ್ಯಾಗ ಕುಂತ ಹೆಣಮಕ್ಕಳು ಏನ್ ಮಾಡಿದ್ರು? ಕಂಪನಿ ಸಾಹೇಬ್ರು ಬರದಾರಂತ, ಆ ಫಾರೀನ್ ಬಾಯಿ ಹತ್ತು ಕೌದಿ ತಗೋತೀನಿ ಅಂದಾಳಂತ. ಮೂವತ್ತು ಹೋದಂಗೇ. ನಸ್ರೀನ ಕೆಲಸ ಹೋತು. ಕಾಗದದಾಗ ಬರದು ನನಗ ಹೇಳಿದ್ರ ಮುಗೀತೇನು? ನೀ ಬರಬೇಕು. ಐದು ಮಂದಿ ಮನಿಗಿ ಹೋಗಬೇಕು. ಮೊದಲ ನಸ್ರೀನ ಮನಿಗಿ. ಆಕಿ ಮಾರಿ ನೋಡಿ, ರಸೀದಿ ಕೇಳಿದಾಕಿ ನಾನೇ ಅಂತ ಹೇಳಬೇಕು. ಆಕಿ ಬೈದ್ರ ಬೈಸ್ಕೊ. ಹೊಡದ್ರ ಹೊಡಸ್ಕೊ. ನಾ ಅಡ್ಡ ಬರಂಗಿಲ್ಲ.

ಕೈನಾತನೂ ಬರ್ತಾಳ. ಕೆಲಸ ಬಿಟ್ಟು ಬಾ ಅಂತ ಕರದಾಕಿ ಆಕಿ, ಆಕಿನೂ ಹೇಳಬೇಕು.

ಗುರುವಾರ ಮಂದಿ ಭಾಳ ಇರ್ತಾರ, ಶುಕ್ರವಾರ ಬಾ. ಕುರ್ಚಿ ಹಾಕಂಗಿಲ್ಲ, ನೆಲದ ಮ್ಯಾಲ ಕುಂಡ್ರು.

ನೀ ನಸ್ರೀನ ಮುಂದ ಹೇಳೋವಾಗ ನಾ ನಿನ್ನ ಮಗ್ಗಲದಾಗ ಕುಂತಿರ್ತೇನಿ. ಕೈನಾತನ ಮಗ್ಗಲದಾಗ ಅಲ್ಲ, ನಿನ್ನ ಮಗ್ಗಲದಾಗ. ಇದನ್ನ ಬರೀ ಅಂದೆ. ಆಕಿ ಪೆನ್ನ ಕೆಳಗ ಇಟ್ಲು, ಮತ್ತ ತಗೊಂಡ್ಲು. ಈಗ ಬರದಾಳ.

ನಿನ್ನ ಅವ್ವ
ರಮಾಬಾಯಿ